ದೂರಕ್ಕಿಂತ ನೇರ ಮೇಲು

ಬಲವುಳ್ಳವನೇ ಗೆಲ್ಲುತ್ತಾನೆ ಎಂಬುದು ಆಟದ ಬಯಲಿನಲ್ಲಿ ಬಹುಕಾಲದಿಂದ ಬೇರೂರಿರುವ ನಂಬಿಕೆ. ಗುಂಡು ಎಸೆತದಲ್ಲಿಯೂ ಭಾರ ಎತ್ತುವ ಸ್ಪರ್ಧೆಯಲ್ಲಿಯೂ ಈ ಮಾತು ಬಹುಮಟ್ಟಿಗೆ ನಿಜ. ಆದರೆ ಎಲ್ಲ ಆಟಗಳಿಗೂ ಇದೊಂದೇ ಅಳತೆಗೋಲು ಸಲ್ಲದು. ಮೈಬಲದ ಜೊತೆಗೆ ಲೆಕ್ಕಾಚಾರವನ್ನೂ ತಾಳ್ಮೆಯನ್ನೂ ಬೇಡುವ ಆಟಗಳು ಉಂಟು. ಅಂಥವುಗಳಲ್ಲಿ ಗಾಲ್ಫ್ ಒಂದು. ಚೆಂಡನ್ನು ಎಲ್ಲರಿಗಿಂತ ದೂರಕ್ಕೆ ಹೊಡೆಯಲಾರದವರು ಕೂಡ ಎಲ್ಲರಿಗಿಂತ ಮುಂದಾಗಬಲ್ಲರೆಂಬುದನ್ನು ಈ ಆಟದ ಚರಿತ್ರೆ ಮತ್ತೆ ಮತ್ತೆ ತೋರಿಸಿಕೊಟ್ಟಿದೆ. ಅದು ಹೇಗೆ ಸಾಧ್ಯವಾಯಿತು, ಅದಕ್ಕೆ ಮಿತಿಗಳೇನಾದರೂ ಇವೆಯೆ ಎಂಬುದನ್ನು ಇಲ್ಲಿ ವಿಚಾರಿಸೋಣ.

ಗಾಲ್ಫ್ ಆಟದ ತವರು ಸ್ಕಾಟ್‌ಲೆಂಡ್. ಜನರು ಬಿಲ್ಲುವಿದ್ಯೆಯ ಅಭ್ಯಾಸವನ್ನು ಬಿಟ್ಟು ಈ ಆಟದಲ್ಲಿ ಮುಳುಗುತ್ತಿದ್ದಾರೆಂದು 1457ರಲ್ಲಿ ಅಲ್ಲಿನ ಪಾರ್ಲಿಮೆಂಟು ಇದನ್ನು ನಿಷೇಧಿಸಿತ್ತು. ನಿಷೇಧವನ್ನು ಮೀರಿ ಆಟ ಬೆಳೆಯಿತು. 1764ರಲ್ಲಿ ಸೇಂಟ್ ಆಂಡ್ರೂಸ್ ಎಂಬ ಊರಿನ ಮೈದಾನದಲ್ಲಿ 18 ಕುಳಿಗಳ ಆಟ ರೂಪುಗೊಂಡು, ಕ್ರಮೇಣ ಜಗತ್ತಿಗೆಲ್ಲ ಅದೇ ಮಾದರಿಯಾಯಿತು. ಆಂಗ್ಲರ ಜೊತೆಯಲ್ಲಿ ಈ ಆಟ ನಮ್ಮ ದೇಶಕ್ಕೂ ಬಂದಿತು. 1829ರಲ್ಲಿ ಕಲ್ಕತ್ತೆಯಲ್ಲಿಯೂ 1876ರಲ್ಲಿ ಬೆಂಗಳೂರಿನಲ್ಲಿಯೂ ಗಾಲ್ಫ್ ಸಂಘಗಳು ಸ್ಥಾಪನೆಯಾದವು.

ಆಟದ ಕ್ರಮ ಸರಳವಾದುದು. ಟೀ ಎಂಬ ಸ್ಥಳದಿಂದ ಚೆಂಡನ್ನು ಕೋಲಿನಿಂದ ಹೊಡೆಯಲು ಆರಂಭಿಸಿ, ನೂರಾರು ಗಜಗಳ ಆಚೆಯಿರುವ ಒಂದು ಸಣ್ಣ ಕುಳಿಯೊಳಕ್ಕೆ ಅದನ್ನು ಬೀಳಿಸಬೇಕು. ಚೆಂಡಿನ ವ್ಯಾಸ 42.67 ಮಿಲಿಮೀಟರಿಗೆ ಕಡಮೆಯಿರಬಾರದು. ಕುಳಿಯ ವ್ಯಾಸ 108 ಮಿಲಿಮೀಟರು. ಟೀ ಮತ್ತು ಕುಳಿಗಳ ನಡುವೆ ಹದವಾಗಿ ಕತ್ತರಿಸಿದ ಹುಲ್ಲಿನ ಹಾದಿ ಇರುತ್ತದೆ. ಇದಕ್ಕೆ ಫೇರ್‌ವೇ ಎಂದು ಹೆಸರು. ಅದರ ಎರಡು ಮಗ್ಗುಲಲ್ಲಿ ಒತ್ತಾದ ಹುಲ್ಲು, ಮರಗಳು, ಅಲ್ಲಲ್ಲಿ ಬಂಕರ್ ಎನ್ನುವ ಮರಳಿನ ಗುಂಡಿಗಳು, ಕೆಲವೆಡೆ ಕೊಳ ಅಥವಾ ತೊರೆ ಇರುತ್ತವೆ. ಕುಳಿಯ ಸುತ್ತಲಿನ ನುಣುಪಾದ ಹುಲ್ಲಿನ ಅಂಗಳವೇ ಗ್ರೀನ್. ಹೀಗೆ 18 ಕುಳಿಗಳನ್ನು ಮುಗಿಸಲು ಯಾರು ಎಲ್ಲರಿಗಿಂತ ಕಡಮೆ ಹೊಡೆತಗಳನ್ನು ಬಳಸುವರೋ ಅವರು ಗೆದ್ದಂತೆ. ಆಟಗಾರನು ತನ್ನ ಜೊತೆಯಲ್ಲಿ 14 ಕೋಲುಗಳನ್ನು ಮಾತ್ರ ಒಯ್ಯಬಹುದು. ಬಹುದೂರ ಹೊಡೆಯಲು ಡ್ರೈವರ್, ಚೆಂಡನ್ನು ಎತ್ತರಕ್ಕೆ ಎಬ್ಬಿಸಿ ಹತ್ತಿರದಲ್ಲಿ ಇಳಿಸಲು ವೆಜ್, ಗ್ರೀನಿನ ಮೇಲೆ ಉರುಳಿಸಲು ಪಟರ್ ಎಂದು ಒಂದೊಂದು ಕೋಲಿಗೂ ಒಂದೊಂದು ಕೆಲಸ.

ಪ್ರತಿ ಕುಳಿಗೂ ನುರಿತ ಆಟಗಾರನಿಗೆ ಸಾಕಾಗುವ ಹೊಡೆತಗಳ ಸಂಖ್ಯೆಯನ್ನು ಗೊತ್ತುಪಡಿಸಿರುತ್ತಾರೆ. ಅದಕ್ಕೆ ಪಾರ್ ಎಂದು ಹೆಸರು. ಪಾರಿಗಿಂತ ಒಂದು ಹೊಡೆತ ಕಡಮೆಯಾದರೆ ಬರ್ಡಿ, ಒಂದು ಹೆಚ್ಚಾದರೆ ಬೋಗಿ. ಸಾಮಾನ್ಯವಾಗಿ ಒಂದು ಮೈದಾನದಲ್ಲಿ ಪಾರ್ ಮೂರರ ಕುಳಿಗಳು 4, ಪಾರ್ ನಾಲ್ಕರವು 10, ಪಾರ್ ಐದರವು 4 ಇರುತ್ತವೆ. ಎಲ್ಲವನ್ನೂ ಕೂಡಿಸಿದರೆ 72 ಹೊಡೆತಗಳಾಗುತ್ತವೆ.

ಈ 72ರ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡಿದರೆ ಆಟದ ಗುಟ್ಟು ಹೊರಬೀಳುತ್ತದೆ. ಪಾರ್ ಗೊತ್ತುಮಾಡುವಾಗ ಪ್ರತಿಯೊಂದು ಗ್ರೀನಿನ ಮೇಲೂ ಎರಡು ಹೊಡೆತಗಳು ಬೇಕಾಗುತ್ತವೆಂದು ಎಣಿಸುತ್ತಾರೆ. 18 ಕುಳಿಗಳಿಗೆ 36 ಹೊಡೆತಗಳು. ಎಂದರೆ ಒಟ್ಟು ಪಾರಿನಲ್ಲಿ ಸರಿಯಾಗಿ ಅರ್ಧ. ಇವು ಚೆಂಡನ್ನು ಮೆಲ್ಲನೆ ಉರುಳಿಸುವ ಹೊಡೆತಗಳು. ಇವುಗಳಿಗೆ ತೋಳ್ಬಲ ಬೇಕಿಲ್ಲ. ಇನ್ನು ಡ್ರೈವರನ್ನು ಹಿಡಿದು ಬಲವಾಗಿ ಬೀಸುವ ಸಂದರ್ಭಗಳಾದರೂ ಎಷ್ಟು? ಪಾರ್ ಮೂರರ ಕುಳಿಗಳನ್ನು ಬಿಟ್ಟರೆ ಉಳಿಯುವುದು 14 ಮಾತ್ರ. ಅಷ್ಟೇ ಅಲ್ಲ, 280 ಗಜ ಹಾರಿದ ಹೊಡೆತವೂ ಒಂದು ಎಣಿಕೆ, ಕುಳಿಯ ಅಂಚಿನಿಂದ ಒಂದು ಅಂಗುಲ ತಳ್ಳಿದ ಹೊಡೆತವೂ ಒಂದು ಎಣಿಕೆ. ಲೆಕ್ಕದ ಚೀಟಿಯಲ್ಲಿ ದೂರಕ್ಕೆ ಪ್ರತ್ಯೇಕವಾದ ಅಂಕಣವಿಲ್ಲ.

ದೂರದ ಹೊಡೆತಕ್ಕೆ ಅದರದೇ ಆದ ಅಪಾಯವೂ ಉಂಟು. ಚೆಂಡು ಹೊರಡುವಾಗ ಗುರಿಯಿಂದ 5 ಡಿಗ್ರಿ ಓರೆಯಾಯಿತೆಂದು ಭಾವಿಸೋಣ. ಅದು 200 ಗಜ ಹೋಗುವಷ್ಟರಲ್ಲಿ ಗುರಿಯ ರೇಖೆಯಿಂದ ಸುಮಾರು 17 ಗಜ ಆಚೆಗೆ ಸರಿದಿರುತ್ತದೆ. 280 ಗಜ ಹೋದರೆ ಸುಮಾರು 24 ಗಜ ಸರಿಯುತ್ತದೆ. ತಪ್ಪಿನ ಕೋನ ಒಂದೇ ಆದರೂ ತೆರಬೇಕಾದ ದಂಡ ಬೇರೆ. ಮೊದಲನೆಯ ಚೆಂಡು ಫೇರ್‌ವೇಯ ಅಂಚಿನಲ್ಲಿ ನಿಂತರೆ, ಎರಡನೆಯದು ಮರಗಳ ನಡುವೆ ನುಸುಳಬಹುದು. ಅಲ್ಲದೆ ಶಕ್ತಿಮೀರಿ ಬೀಸುವವನಿಗೆ ದೇಹದ ಸಮತೋಲ ತಪ್ಪುವುದು ಸಹಜ. ಸಮತೋಲ ತಪ್ಪಿದಾಗ ಕೋಲಿನ ಮುಖ ಓರೆಯಾಗುತ್ತದೆ. ಓರೆ ಹೆಚ್ಚಿದಷ್ಟೂ ಚೆಂಡು ದಾರಿಬಿಡುತ್ತದೆ.

ಒಂದು ಉದಾಹರಣೆಯನ್ನು ಊಹಿಸಿಕೊಳ್ಳಬಹುದು. 400 ಗಜ ಉದ್ದದ ಪಾರ್ ನಾಲ್ಕರ ಕುಳಿ. ಬಲಶಾಲಿಯೊಬ್ಬನು ಮೊದಲ ಹೊಡೆತದಲ್ಲಿಯೇ ಚೆಂಡನ್ನು 280 ಗಜ ಕಳುಹಿಸುತ್ತಾನೆ. ಆದರೆ ಅದು ಮರಗಳ ಮಧ್ಯೆ ಬೀಳುತ್ತದೆ. ಎರಡನೆಯ ಹೊಡೆತ ಚೆಂಡನ್ನು ಫೇರ್‌ವೇಗೆ ಮರಳಿಸುವುದಕ್ಕೇ ವೆಚ್ಚವಾಗುತ್ತದೆ. ಮೂರನೆಯದರಲ್ಲಿ ಗ್ರೀನ್ ಸೇರಿ, ಅಲ್ಲಿ ಎರಡು ಹೊಡೆತಗಳನ್ನು ಬಳಸಿ, ಒಟ್ಟು ಐದರಲ್ಲಿ ಮುಗಿಸುತ್ತಾನೆ. ಇನ್ನೊಬ್ಬನದು ಸಾಧಾರಣ ಬಲ. ಅವನು 210 ಗಜ ನೇರವಾಗಿ ಹೊಡೆಯುತ್ತಾನೆ. ಎರಡನೆಯ ಹೊಡೆತವೂ ಗ್ರೀನನ್ನು ಮುಟ್ಟದೆ ಅದರ ಮುಂದೆ ನಿಲ್ಲುತ್ತದೆ. ಮೂರನೆಯದನ್ನು ವೆಜ್‌ನಿಂದ ಹದವಾಗಿ ಎತ್ತಿ ಕುಳಿಯಿಂದ ಒಂದು ಗಜದಷ್ಟು ಸಮೀಪಕ್ಕೆ ತರುತ್ತಾನೆ; ನಾಲ್ಕನೆಯದರಲ್ಲಿ ಚೆಂಡು ಕುಳಿಯೊಳಗೆ. ನೋಡುವವರು ಮೊದಲನೆಯವನ ಹೊಡೆತಕ್ಕೆ ಚಪ್ಪಾಳೆ ತಟ್ಟಿರಬಹುದು. ಕುಳಿಯನ್ನು ಗೆದ್ದವನು ಎರಡನೆಯವನು.

ಇದು ಕೇವಲ ಊಹೆಯ ಮಾತಲ್ಲ. ಅಮೆರಿಕದ ಪಾಲ್ ರನ್ಯನ್ ಎಂಬ ಆಟಗಾರನ ಸಾಧನೆ ಇದಕ್ಕೆ ಸಾಕ್ಷಿಯಾಗಿದೆ. 1908ರಲ್ಲಿ ಆರ್ಕನ್ಸಾ ಸಂಸ್ಥಾನದ ಹಾಟ್ ಸ್ಪ್ರಿಂಗ್ಸ್ ಎಂಬಲ್ಲಿ ಹುಟ್ಟಿದ ರನ್ಯನ್ ರೈತಕುಟುಂಬದ ಹುಡುಗ. ಬಾಲ್ಯದಲ್ಲಿ ಇತರರ ಕೋಲುಗಳನ್ನು ಹೊರುವ ಕೆಲಸ ಮಾಡುತ್ತ ಆಟವನ್ನು ಕಲಿತ. ಸಣ್ಣ ಮೈಕಟ್ಟಿನ ಈತನಿಗೆ ತನ್ನ ಹೊಡೆತಗಳು ಇತರರಷ್ಟು ದೂರ ಹೋಗಲಾರವೆಂಬುದು ಬೇಗನೆ ತಿಳಿಯಿತು. ಅದಕ್ಕಾಗಿ ಮರುಗುತ್ತ ಕೂರದೆ, ಗ್ರೀನಿನ ಸಮೀಪದ ಕಿರುಹೊಡೆತಗಳನ್ನು ಅವನು ತಪಸ್ಸಿನಂತೆ ಸಾಧಿಸಿದ.

1938ರಲ್ಲಿ ಪೆನ್ಸಿಲ್ವೇನಿಯಾದ ಶಾನೀ ಮೈದಾನದಲ್ಲಿ ನಡೆದ ಪಿ.ಜಿ.ಎ. ಚಾಂಪಿಯನ್‌ಷಿಪ್ಪಿನ ಅಂತಿಮ ಪಂದ್ಯದಲ್ಲಿ ರನ್ಯನ್ನನಿಗೆ ಎದುರಾದವನು ಸ್ಯಾಮ್ ಸ್ನೀಡ್. ಸ್ನೀಡನು ಆ ಕಾಲದ ಅತಿ ದೂರದ ಹೊಡೆತಗಾರರಲ್ಲಿ ಒಬ್ಬ. ತನ್ನ ಜೀವಮಾನದಲ್ಲಿ ಅಮೆರಿಕದ ವೃತ್ತಿಪರ ಪಂದ್ಯಮಾಲೆಯ 82 ಪಂದ್ಯಗಳನ್ನು ಗೆದ್ದ ಮಹಾ ಆಟಗಾರ. ಈ ಪಂದ್ಯವನ್ನೂ ಅವನೇ ಗೆಲ್ಲುವನೆಂದು ಬಹುಮಂದಿ ಎಣಿಸಿದ್ದರು. ಅಂದು ಒಟ್ಟು ಹೊಡೆತಗಳ ಲೆಕ್ಕವಿರಲಿಲ್ಲ. ಒಂದೊಂದು ಕುಳಿಯನ್ನೂ ಬೇರೆ ಬೇರೆಯಾಗಿ ಗೆಲ್ಲುವ ಪದ್ಧತಿಯಿತ್ತು. ಆಡಬೇಕಾಗಿದ್ದುದು 36 ಕುಳಿಗಳು. ಸ್ನೀಡನ ಮೊದಲ ಹೊಡೆತ ರನ್ಯನ್ನನದಕ್ಕಿಂತ ಹಲವು ಹತ್ತು ಗಜ ಮುಂದೆ ಹೋಗಿ ಬೀಳುತ್ತಿತ್ತು. ಆದರೆ ಕುಳಿಯಿಂದ ಹೆಚ್ಚು ದೂರದಲ್ಲಿರುವವನು ಮೊದಲು ಹೊಡೆಯಬೇಕೆಂಬುದು ಆಟದ ಕ್ರಮ. ಈ ಕ್ರಮವೇ ರನ್ಯನ್ನನಿಗೆ ಅನುಕೂಲವಾಯಿತು. ಹಿಂದೆ ಉಳಿದಿದ್ದ ಅವನು ಮೊದಲು ಹೊಡೆದು ಚೆಂಡನ್ನು ಕುಳಿಯ ಬಳಿಗೆ ತರುತ್ತಿದ್ದ. ಅದನ್ನು ನೋಡಿದ ಮೇಲೆ ಹೊಡೆಯಬೇಕಾದ ಎದುರಾಳಿಯ ಮನಸ್ಸಿನ ಮೇಲೆ ಒತ್ತಡ ಬೀಳದೆ ಇದ್ದೀತೆ? 29ನೆಯ ಕುಳಿಯ ಹೊತ್ತಿಗೆ ರನ್ಯನ್ 8 ಕುಳಿಗಳಷ್ಟು ಮುಂದಿದ್ದ. ಉಳಿದಿದ್ದವು 7 ಮಾತ್ರ. ಪಂದ್ಯ ಅಲ್ಲಿಗೇ ಮುಗಿಯಿತು. ಎದುರಾಳಿಗಳ ಪಾಲಿಗೆ ಈ ಸಣ್ಣ ಆಳು 'ಪುಟ್ಟ ವಿಷ' ಎಂಬ ಅಡ್ಡಹೆಸರನ್ನು ಪಡೆದುದು ಸಹಜವೇ ಆಗಿದೆ.

ತನ್ನ ಬಲದ ಎಲ್ಲೆಯನ್ನು ತಿಳಿದು ಆಡುವುದಕ್ಕೆ ಇನ್ನೊಂದು ನಿದರ್ಶನ 2007ರ ಮಾಸ್ಟರ್ಸ್ ಪಂದ್ಯ. ಇದು ಅಮೆರಿಕದ ಜಾರ್ಜಿಯಾ ಸಂಸ್ಥಾನದ ಅಗಸ್ಟಾ ಮೈದಾನದಲ್ಲಿ ನಡೆಯುತ್ತದೆ. ಇಲ್ಲಿ ಪಾರ್ ಐದರ ಕುಳಿಗಳು ನಾಲ್ಕು. ಬಲಶಾಲಿಗಳು ಇವುಗಳ ಗ್ರೀನನ್ನು ಎರಡೇ ಹೊಡೆತಗಳಲ್ಲಿ ಮುಟ್ಟಲು ಸಾಹಸಮಾಡುತ್ತಾರೆ. ಆದರೆ 13ನೆಯ ಗ್ರೀನಿನ ಮುಂದೆ ತೊರೆಯೂ 15ನೆಯದರ ಮುಂದೆ ಕೊಳವೂ ಬಾಯ್ದೆರೆದುಕೊಂಡಿವೆ. ಐಯೋವಾ ಸಂಸ್ಥಾನದ ಜ್ಯಾಕ್ ಜಾನ್ಸನ್ ದೂರದ ಹೊಡೆತಕ್ಕೆ ಹೆಸರಾದವನಲ್ಲ. ನಾಲ್ಕು ದಿನಗಳಲ್ಲಿ 16 ಸಲ ಈ ಕುಳಿಗಳನ್ನು ಆಡಿದ ಆತ, 16 ಸಲವೂ ಎರಡನೆಯ ಹೊಡೆತವನ್ನು ಬೇಕೆಂದೇ ಗ್ರೀನಿಗಿಂತ ಹಿಂದೆ ನಿಲ್ಲಿಸಿದ. ತನ್ನ ವೆಜ್ ಕೋಲಿಗೆ ಒಪ್ಪುವ ದೂರವನ್ನು ಉಳಿಸಿಕೊಂಡು, ಮೂರನೆಯ ಹೊಡೆತವನ್ನು ಕುಳಿಯ ಸಮೀಪಕ್ಕೆ ಇಳಿಸಿದ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ನಮ್ಮ ಗಾದೆಗೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ದೊರೆಯುವುದು ಕಷ್ಟ. ಫಲವೇನಾಯಿತು? ಆ 16 ಕುಳಿಗಳಲ್ಲಿ 11 ಬರ್ಡಿಗಳು ಬಂದವು. ಒಂದು ಬೋಗಿಯೂ ಆಗಲಿಲ್ಲ. ಚಳಿಗಾಳಿಯ ಆ ವಾರದಲ್ಲಿ ಜಾನ್ಸನ್ ಒಟ್ಟು 289 ಹೊಡೆತಗಳಲ್ಲಿ ಆಟ ಮುಗಿಸಿ, ಟೈಗರ್ ವುಡ್ಸ್‌ನಂಥ ಪ್ರಬಲನನ್ನು ಎರಡು ಹೊಡೆತಗಳಿಂದ ಹಿಂದಿಕ್ಕಿದ. ದೂರ ಹೊಡೆಯಬಲ್ಲವರಿಗಾಗಿಯೇ ಇವೆಯೆಂದು ತೋರುವ ಕುಳಿಗಳಲ್ಲಿಯೇ ಅವನು ತನ್ನ ಗೆಲುವನ್ನು ಕಟ್ಟಿಕೊಂಡನೆಂಬುದು ಗಮನಿಸತಕ್ಕ ಸಂಗತಿ.

ಇಂಥ ಆಟಕ್ಕೆ ಬೇಕಾದ ಕೌಶಲಗಳು ಯಾವುವು? ಮೊದಲನೆಯದು ಸಮೀಪದ ಹೊಡೆತ. ಗ್ರೀನಿನ ಅಂಚಿನಿಂದ ಆಡುವಾಗ ಚೆಂಡನ್ನು ಅನಾವಶ್ಯಕವಾಗಿ ಮೇಲಕ್ಕೆ ಎಬ್ಬಿಸಬಾರದು. ಅದು ಎಲ್ಲಿ ನೆಲ ಮುಟ್ಟಬೇಕು, ಅಲ್ಲಿಂದ ಎಷ್ಟು ಉರುಳಬೇಕು ಎಂಬುದನ್ನು ಮೊದಲೇ ನಿಶ್ಚಯಿಸಿ, ಆ ಒಂದು ತಾಣವನ್ನೇ ಗುರಿಯಾಗಿಟ್ಟುಕೊಳ್ಳಬೇಕು. ಗಾಳಿಯಲ್ಲಿ ಹಾರುವ ಚೆಂಡಿಗಿಂತ ನೆಲದ ಮೇಲೆ ಉರುಳುವ ಚೆಂಡನ್ನು ಅಂಕೆಯಲ್ಲಿಡುವುದು ಸುಲಭ.

ಎರಡನೆಯದು ಗ್ರೀನಿನ ಮೇಲಿನ ಆಟ. ಮಟ್ಟಸವಾಗಿ ಕಾಣುವ ಗ್ರೀನಿನಲ್ಲಿ ನವಿರಾದ ಏರುತಗ್ಗುಗಳಿರುತ್ತವೆ. ಇಳಿಜಾರಿನಲ್ಲಿ ಉರುಳುವ ಚೆಂಡು ವೇಗ ಕುಂದಿದಂತೆಲ್ಲ ಹೆಚ್ಚು ಬಾಗುತ್ತದೆ. ಆದುದರಿಂದ ದಿಕ್ಕನ್ನು ನಿರ್ಧರಿಸುವ ಮುನ್ನ ವೇಗವನ್ನು ನಿರ್ಧರಿಸಬೇಕು. ಕುಳಿ ದೂರದಲ್ಲಿದ್ದರೆ ಚೆಂಡನ್ನು ಒಮ್ಮೆಗೇ ಒಳಗೆ ಕೆಡವುವ ಆಸೆಗಿಂತ, ಮುಂದಿನ ಹೊಡೆತ ತಪ್ಪದಷ್ಟು ಹತ್ತಿರಕ್ಕೆ ತರುವ ವಿವೇಕ ಮೇಲಾದುದು. ಇಲ್ಲವಾದರೆ ಎರಡರಲ್ಲಿ ಮುಗಿಯಬೇಕಾದುದು ಮೂರಕ್ಕೆ ಹೋಗುತ್ತದೆ. ದಕ್ಷಿಣ ಆಫ್ರಿಕದ ಬಾಬಿ ಲಾಕ್ ಈ ವಿದ್ಯೆಯಲ್ಲಿ ಅದ್ವಿತೀಯನೆನಿಸಿದ್ದ. ಹಳೆಯ ಕಾಲದ ಮರದ ಹಿಡಿಯ ಪಟರನ್ನು ಬಳಸುತ್ತಿದ್ದ ಆತ 1949, 1950, 1952 ಮತ್ತು 1957ರಲ್ಲಿ ಬ್ರಿಟನ್ನಿನ ಓಪನ್ ಪಂದ್ಯವನ್ನು ಗೆದ್ದ.

ಮೂರನೆಯದು ವಿವೇಚನೆ. ಮರಗಳ ಸಂದಿಯಿಂದ ಚೆಂಡನ್ನು ತೂರಿಸಿ ಗ್ರೀನ್ ಮುಟ್ಟಿಸುವ ಆಸೆ ಎಂಥವನನ್ನೂ ಸೆಳೆಯುತ್ತದೆ. ಹತ್ತರಲ್ಲಿ ಒಂದು ಸಲ ಅದು ಕೈಗೂಡಲೂಬಹುದು. ಉಳಿದ ಒಂಬತ್ತು ಸಲದ ನಷ್ಟವನ್ನು ಯಾರು ತುಂಬಿಕೊಡುತ್ತಾರೆ? ಒಂದು ಹೊಡೆತವನ್ನು ಒಪ್ಪಿಕೊಂಡು ಚೆಂಡನ್ನು ಸುರಕ್ಷಿತವಾದ ತಾಣಕ್ಕೆ ತಂದುಕೊಳ್ಳುವವನು ಎರಡು ಮೂರು ಹೊಡೆತಗಳನ್ನು ಉಳಿಸಿಕೊಳ್ಳುತ್ತಾನೆ. ಹನಿಗೂಡಿ ಹಳ್ಳ ಎಂಬಂತೆ, ಹೀಗೆ ಉಳಿದ ಒಂದೊಂದು ಹೊಡೆತವೂ ಸೇರಿ 18ನೆಯ ಕುಳಿಯ ಹೊತ್ತಿಗೆ ಗೆಲುವಾಗಿ ಪರಿಣಮಿಸುತ್ತದೆ.

ಇಷ್ಟು ಹೇಳಿದ ಮಾತ್ರಕ್ಕೆ ದೂರದ ಹೊಡೆತ ನಿರರ್ಥಕವೆಂದು ಭಾವಿಸಬಾರದು. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಮಾರ್ಕ್ ಬ್ರೋಡಿ ಅವರು ವೃತ್ತಿಪರ ಆಟಗಾರರ ಅಸಂಖ್ಯಾತ ಹೊಡೆತಗಳನ್ನು ಅಳೆದು ಲೆಕ್ಕಹಾಕಿ, 2014ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಅತ್ಯುತ್ತಮ ಆಟಗಾರರಿಗೂ ಉಳಿದವರಿಗೂ ಇರುವ ಅಂತರದಲ್ಲಿ ಸುಮಾರು ಮೂರನೆಯ ಎರಡು ಪಾಲು ಗ್ರೀನಿನಿಂದ ದೂರದಲ್ಲಿ ಆಡುವ ಹೊಡೆತಗಳಿಂದಲೇ ಉಂಟಾಗುತ್ತದೆಂದು ಅವರು ತೋರಿಸಿದ್ದಾರೆ. ಕಿರುಹೊಡೆತವೇ ಸರ್ವಸ್ವವೆಂಬ ಹಳೆಯ ನಂಬಿಕೆಯನ್ನು ಈ ಲೆಕ್ಕ ತಿದ್ದಿತು. ಆದರೆ ಇದರಲ್ಲಿ ಒಂದು ಸೂಕ್ಷ್ಮವಿದೆ. ಆ ದೂರದ ಹೊಡೆತಗಳಲ್ಲಿ ಟೀಯಿಂದ ಬೀಸುವ ಹೊಡೆತಕ್ಕಿಂತ, ಗ್ರೀನನ್ನು ಗುರಿಯಿಟ್ಟು ಆಡುವ ಹೊಡೆತದ ಪಾತ್ರವೇ ಹಿರಿದು. ಅಲ್ಲಿ ಮುಖ್ಯವಾದುದು ನಿಖರತೆ. ರನ್ಯನ್ ಸ್ನೀಡನನ್ನು ಗೆದ್ದುದು ಪಟರಿನಿಂದ ಮಾತ್ರವಲ್ಲ, ಹಿಂದಿನಿಂದ ಹೊಡೆದು ಕುಳಿಯ ಬಳಿಗೆ ತಂದ ಚೆಂಡಿನಿಂದಲೂ ಅಲ್ಲವೆ?

ಈ ವಿದ್ಯೆಯ ಹಿರಿಮೆಯನ್ನೂ ಮಿತಿಯನ್ನೂ ಒಟ್ಟಿಗೆ ಕಾಣಿಸಿದವರು ನಮ್ಮವರೇ ಆದ ಅದಿತಿ ಅಶೋಕ್. 1998ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಅವರು ಅಲ್ಲಿನ ಕರ್ನಾಟಕ ಗಾಲ್ಫ್ ಸಂಸ್ಥೆಯ ಮೈದಾನದಲ್ಲಿ ಬಾಲ್ಯದಿಂದಲೇ ಆಟವನ್ನು ಕಲಿತರು. 2016ರ ರಿಯೋ ಒಲಿಂಪಿಕ್ ಕ್ರೀಡೆಗಳಲ್ಲಿ ಭಾಗವಹಿಸಿದಾಗ ಅವರಿಗೆ ಕೇವಲ 18 ವರ್ಷ. ಟೋಕಿಯೋ ಒಲಿಂಪಿಕ್ ಕ್ರೀಡೆಗಳು 2021ರ ಆಗಸ್ಟಿನಲ್ಲಿ ನಡೆಯುತ್ತಿದ್ದಾಗ, ಕಸುಮಿಗಸೇಕಿ ಮೈದಾನದಲ್ಲಿ ಅವರ ಕೋಲುಗಳನ್ನು ಹೊತ್ತು ಜೊತೆಯಲ್ಲಿ ನಡೆದವರು ಅವರ ತಾಯಿ. ಎದುರಾಳಿಗಳಲ್ಲಿ ಅನೇಕರ ಮೊದಲ ಹೊಡೆತ ಅದಿತಿಯವರದಕ್ಕಿಂತ ಬಹಳ ಮುಂದೆ ಹೋಗಿ ಬೀಳುತ್ತಿತ್ತು. ಅವರಿನ್ನೂ ಉದ್ದನೆಯ ಕೋಲನ್ನು ಕೈಗೆತ್ತಿಕೊಳ್ಳುವಾಗ ಇತರರು ಗಿಡ್ಡನೆಯ ಕೋಲಿನಿಂದ ಗ್ರೀನಿಗೆ ಗುರಿಯಿಡುತ್ತಿದ್ದರು. ಈ ಕೊರತೆಯನ್ನು ಅವರು ಸಮೀಪದ ಹೊಡೆತಗಳಿಂದಲೂ ಪಟರಿನಿಂದಲೂ ತುಂಬಿಕೊಂಡರು. ನಾಲ್ಕು ದಿನಗಳಲ್ಲಿ ಅವರು ಗಳಿಸಿದ ಲೆಕ್ಕ 67, 66, 68, 68. ಒಟ್ಟು 269, ಪಾರಿಗಿಂತ 15 ಕಡಮೆ. ಮೂರನೆಯ ದಿನ ಮುಗಿದಾಗ ಅವರು ಎರಡನೆಯ ಸ್ಥಾನದಲ್ಲಿದ್ದರು. ಗಾಲ್ಫಿನ ಗಂಧವಿಲ್ಲದ ಲಕ್ಷಾಂತರ ಭಾರತೀಯರು ಕೊನೆಯ ದಿನದ ಆಟವನ್ನು ಉಸಿರು ಬಿಗಿಹಿಡಿದು ನೋಡಿದರು. ಅಮೆರಿಕದ ನೆಲ್ಲಿ ಕೊರ್ಡಾ 267 ಹೊಡೆತಗಳಲ್ಲಿ ಚಿನ್ನದ ಪದಕ ಗೆದ್ದರು. ಜಪಾನಿನ ಮೋನೆ ಇನಾಮಿ ಮತ್ತು ನ್ಯೂಜಿಲೆಂಡಿನ ಲಿಡಿಯಾ ಕೋ 268ರಲ್ಲಿ ಮುಗಿಸಿ ಬೆಳ್ಳಿ ಕಂಚುಗಳನ್ನು ಹಂಚಿಕೊಂಡರು. ಅದಿತಿ ನಾಲ್ಕನೆಯವರಾದರು. ಪದಕಕ್ಕೂ ಅವರಿಗೂ ನಡುವೆ ಇದ್ದುದು ಒಂದೇ ಒಂದು ಹೊಡೆತ.

ಆ ಒಂದು ಹೊಡೆತ ಎಲ್ಲಿ ಕಳೆದುಹೋಯಿತೆಂದು ಹುಡುಕುವುದು ವ್ಯರ್ಥ. ಇನ್ನಷ್ಟು ದೂರ ಹೊಡೆಯಬಲ್ಲವರಾಗಿದ್ದರೆ ಅದು ಉಳಿಯುತ್ತಿತ್ತೇನೋ ಎನ್ನಬಹುದು. ಆದರೆ ಸಮೀಪದ ಆಟದಲ್ಲಿ ಅಷ್ಟು ಪರಿಶ್ರಮ ಇಲ್ಲದಿದ್ದರೆ ಅವರು ಆ ಎತ್ತರಕ್ಕೆ ಏರುತ್ತಲೇ ಇರಲಿಲ್ಲವೆಂಬುದು ಅಷ್ಟೇ ದಿಟ. ಮೈಬಲ ಬಹುಮಟ್ಟಿಗೆ ಹುಟ್ಟಿನಿಂದ ಬಂದುದು. ಅದನ್ನು ಸ್ವಲ್ಪ ಬೆಳೆಸಬಹುದೇ ಹೊರತು ಬೇಕಾದಷ್ಟು ಪಡೆಯಲಾಗದು. ಹದವಾದ ಕೈ, ನೆಲವನ್ನು ಓದುವ ಕಣ್ಣು, ದುಡುಕದ ಮನಸ್ಸು ಇವು ಅಭ್ಯಾಸದಿಂದ ಬರತಕ್ಕವು. ಇಲ್ಲದುದಕ್ಕಾಗಿ ಕೊರಗದೆ ಇರುವುದನ್ನು ಸಾಣೆಹಿಡಿಯುವವನು ಆಟದಲ್ಲಿಯೂ ಓದಿನಲ್ಲಿಯೂ ದುಡಿಮೆಯಲ್ಲಿಯೂ ತನ್ನ ಪಾಲಿನ ಗೌರವವನ್ನು ಸಂಪಾದಿಸುತ್ತಾನೆ. ಶಕ್ತಿಗಿಂತ ಯುಕ್ತಿ ಮೇಲೆಂದು ನಮ್ಮ ಹಿರಿಯರು ಹೇಳಿದುದರ ಅರ್ಥ ಇದೇ.

ಅಭ್ಯಾಸ

ಅ) ಈ ಪ್ರಶ್ನೆಗಳಿಗೆ ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
1. ಗಾಲ್ಫ್ ಆಟದ ತವರು ಯಾವುದು?
2. ಪಾರ್ ಎಂದರೇನು?
3. ಪಾಲ್ ರನ್ಯನ್ನನಿಗೆ ಬಂದ ಅಡ್ಡಹೆಸರು ಯಾವುದು?
4. ಅದಿತಿ ಅಶೋಕ್ ಟೋಕಿಯೋದಲ್ಲಿ ಎಷ್ಟನೆಯ ಸ್ಥಾನ ಪಡೆದರು?

ಆ) ಈ ಪ್ರಶ್ನೆಗಳಿಗೆ ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. 72 ಹೊಡೆತಗಳ ಲೆಕ್ಕದಿಂದ ಹೊರಬೀಳುವ ಆಟದ ಗುಟ್ಟು ಯಾವುದು?
2. ಕುಳಿಯಿಂದ ದೂರದಲ್ಲಿರುವವನು ಮೊದಲು ಹೊಡೆಯಬೇಕೆಂಬ ಕ್ರಮ ರನ್ಯನ್ನನಿಗೆ ಹೇಗೆ ಅನುಕೂಲವಾಯಿತು?
3. ಅಗಸ್ಟಾ ಮೈದಾನದಲ್ಲಿ ಜ್ಯಾಕ್ ಜಾನ್ಸನ್ ಅನುಸರಿಸಿದ ಉಪಾಯವೇನು?
4. ಮಾರ್ಕ್ ಬ್ರೋಡಿ ಅವರ ಲೆಕ್ಕ ಹಳೆಯ ನಂಬಿಕೆಯನ್ನು ಹೇಗೆ ತಿದ್ದಿತು?

ಇ) ಸಂದರ್ಭ ಸೂಚಿಸಿ ವಿವರಿಸಿರಿ.
1. "ಲೆಕ್ಕದ ಚೀಟಿಯಲ್ಲಿ ದೂರಕ್ಕೆ ಪ್ರತ್ಯೇಕವಾದ ಅಂಕಣವಿಲ್ಲ."
2. "ಉಳಿದ ಒಂಬತ್ತು ಸಲದ ನಷ್ಟವನ್ನು ಯಾರು ತುಂಬಿಕೊಡುತ್ತಾರೆ?"

ಈ) ಬಿಡಿಸಿ ಸಂಧಿಯನ್ನು ಹೆಸರಿಸಿರಿ.
ಬೇರೂರು, ಅತ್ಯುತ್ತಮ, ದೂರವನ್ನು, ಇದೊಂದು

ಉ) 'ಹಾಸಿಗೆ ಇದ್ದಷ್ಟು ಕಾಲು ಚಾಚು' ಎಂಬ ಗಾದೆಯನ್ನು ನಿಮ್ಮ ಮಾತಿನಲ್ಲಿ ವಿಸ್ತರಿಸಿ ಬರೆಯಿರಿ.